ಸಾಕು ಅನ್ನುವ ಕಣಗಳು

ಬೈರಿದೇವರಕೊಪ್ಪದ ದೊಡ್ಡ ರಸ್ತೆಯಿಂದ ತುಸು ಒಳಗೆ ಹೋದರೆ ಹಜರತಅಲಿ ನದಾಫನ ಗಾದಿ ಅಂಗಡಿ. ಹತ್ತಿ ಹಿಂಜುವುದು ಅವನ ಮನೆತನದ ಕಸುಬು. ಅಜ್ಜ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ ಊರೂರು ತಿರುಗಿದ, ಅಪ್ಪ ಯಂತ್ರ ತಂದ, ಹಜರತಅಲಿ ಮದುವೆಯಾದ ಮೇಲೆ ಹೆಂಡತಿ ಅಬೀದಾಳಿಗೂ ಆ ಯಂತ್ರದ ಕೆಲಸ ಕಲಿಸಿದ. ಹಳೆಯ ಗಾದಿಯ ಹೊಟ್ಟೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಒಂದು ಕಡೆಯಿಂದ ಕೊಟ್ಟರೆ ಇನ್ನೊಂದು ಕಡೆ ಬೆಳ್ಳನೆಯ ಅರಳೆ ಉಕ್ಕುತ್ತಿತ್ತು. ಧೂಳು ಇಬ್ಬರ ಹುಬ್ಬು, ರೆಪ್ಪೆಗಳ ಮೇಲೂ ಕೂತು, ಸಂಜೆಯಾಗುವಷ್ಟರಲ್ಲಿ ಗಂಡಹೆಂಡಿರಿಬ್ಬರೂ ಮುದುಕರಾಗಿಬಿಡುತ್ತಿದ್ದರು. ಒಬ್ಬರ ಮುಖ ನೋಡಿ ಒಬ್ಬರು ನಕ್ಕು, ನಳದ ಕೆಳಗೆ ತಲೆಯೊಡ್ಡಿದರೆ ಮತ್ತೆ ಹರೆಯ.

ಆ ವರ್ಷ ಮಳೆ ಬಿಡಲೇ ಇಲ್ಲ. ನೀರು ನುಗ್ಗಿದ ಮನೆಗಳಿಂದ ತೊಯ್ದ ಗಾದಿಗಳು ಅಂಗಡಿಗೆ ಬಂದು ಬಿದ್ದವು. ಬಿಚ್ಚಿದರೆ ಒಳಗೆಲ್ಲ ಬೂಸರು, ಹಸಿರು ಹಿಟ್ಟು ಚೆಲ್ಲಿದಂತೆ. ಬೇಡವೆಂದು ಹಿಂದಕ್ಕೆ ಕಳಿಸಲು ಹಜರತಅಲಿಗೆ ಮನಸ್ಸಾಗಲಿಲ್ಲ. ಮಲಗುವ ಹಾಸಿಗೆಯನ್ನೇ ಕಳಕೊಂಡ ಜನ ಅವರು. ಬಿಸಿಲು ಕಂಡಾಗ ಒಣಗಿಸಿ, ಹಿಂಜಿ, ಹೊಲಿದು ಕೊಟ್ಟ.

ಮಳೆಗಾಲ ಮುಗಿಯುವ ಹೊತ್ತಿಗೆ ಅವನಿಗೆ ಕೆಮ್ಮು ಹತ್ತಿತು. ಎದೆಯಲ್ಲಿ ಸೀಟಿ ಊದಿದಂತೆ ಸಪ್ಪಳ. ಕೆಮ್ಮಿದಾಗ ಕಂದುಬಣ್ಣದ ಗಟ್ಟಿ ಚೂರುಗಳು ಬೀಳತೊಡಗಿದವು. ಸಮೀಪದ ದವಾಖಾನೆಯವರು ಎದೆಯ ಚಿತ್ರದಲ್ಲಿ ಕಲೆ ಕಂಡು ಕ್ಷಯವೆಂದರು. ತಿಂಗಳುಗಟ್ಟಲೆ ಗುಳಿಗೆ ನುಂಗಿದ್ದಾಯಿತು. ಕೆಮ್ಮು ಕೂದಲಷ್ಟೂ ಕದಲಲಿಲ್ಲ. ಗೋಣಿಚೀಲ ಎತ್ತುತ್ತಿದ್ದ ಗಂಡಸು ಮನೆಯ ಮೆಟ್ಟಿಲು ಹತ್ತಿ ಗೋಡೆಗೆ ಒರಗಿ ನಿಲ್ಲುವಂತಾದ.

ಅಬೀದಾಳಿಗೆ ಮಾತ್ರ ಒಂದು ಸೀನೂ ಬರಲಿಲ್ಲ. ಅದೇ ಧೂಳು, ಅದೇ ಬೂಸರು, ಅದೇ ಯಂತ್ರ. ಗಂಡನ ಕೆಲಸವೂ ಈಗ ಅವಳ ತಲೆಯ ಮೇಲೆಯೇ ಬಿದ್ದಿತ್ತು.

"ನನ್ನ ಮಗಾ ಕಡ್ಡಿ ಆದಾ. ಸೊಸಿ ನೋಡ್ರಿ, ಗುಂಡಕಲ್ಲ ಇದ್ದಂಗ ಅದಾಳ" ಎಂದಳು ಒಂದು ದಿನ ಅತ್ತೆ ರಸೂಲಬಿ, ಗಾದಿ ಒಯ್ಯಲು ಬಂದವರ ಮುಂದೆ. ಸಿಟ್ಟಿನಿಂದ ಅಂದದ್ದಲ್ಲ, ಮಗನ ಸಂಕಟ ನೋಡಲಾಗದೆ ಅಂದದ್ದು. ಆದರೂ ಅಬೀದಾಳಿಗೆ ಅದು ಮುಳ್ಳಿನಂತೆ ನಾಟಿತು. ಗಂಡನ ಪಾಲಿನ ಉಸಿರನ್ನೂ ತಾನೇ ಎಳೆದುಕೊಳ್ಳುತ್ತಿದ್ದೇನೆಯೇ ಎಂಬ ಹುಚ್ಚು ಯೋಚನೆ ಬಂತು. ಅವನ ಎದುರು ಗಟ್ಟಿಯಾಗಿ ಉಸಿರಾಡಲೂ ಹಿಂಜರಿಯತೊಡಗಿದಳು.

ಕೇಶ್ವಾಪುರದ ಗಿರಾಕಿಯೊಬ್ಬರು ಹೇಳಿದ್ದಕ್ಕೆ ಅವನನ್ನು ಡಾಕ್ಟರ್ ಉಮಾಶ್ರೀಯ ಹತ್ತಿರ ಕರೆದೊಯ್ದಳು. ಉಪ್ಪಿನಬೆಟಗೇರಿಯ ಒಕ್ಕಲುಮನೆತನದ ಹೆಣ್ಣುಮಗಳು, ಎದೆರೋಗದ ಡಾಕ್ಟರು, ಜೊತೆಗೆ ಧಾರವಾಡದ ಪ್ರಯೋಗಶಾಲೆಯೊಂದರಲ್ಲಿ ಸಂಶೋಧನೆಯನ್ನೂ ಮಾಡುತ್ತಿದ್ದವಳು. ಕಫದ ಚೂರು, ರಕ್ತ, ಎದೆಯ ಸ್ಕ್ಯಾನ್ ಎಲ್ಲವನ್ನೂ ನೋಡಿದ ಮೇಲೆ ಆಕೆ ಕೇಳಿದ ಮೊದಲ ಪ್ರಶ್ನೆ, "ಉದ್ಯೋಗ ಏನ್ರಿ ನಿಮ್ಮದು?"

ಉತ್ತರ ಕೇಳಿ ತಲೆಯಾಡಿಸಿದಳು. "ಇದು ಕ್ಷಯ ಅಲ್ರಿ. ಬೂಸರದ ಕಣಾ ಉಸರಿನ ಕೂಡ ಒಳಗ ಹೋಗ್ಯಾವು. ಅವಕ್ಕ ನಿಮ್ಮ ಮೈ ಸಿಟ್ಟಿಗೆದ್ದೈತಿ."

ಹಜರತಅಲಿ ತಲೆ ತಗ್ಗಿಸಿದ. "ಈಕಿಗೆ ಏನೂ ಆಗಿಲ್ರಿ ಮೇಡಮ್. ಹಂಗಾರ ನನ್ನ ಮೈಯಾಗ ಕಸುವಿಲ್ಲ ಅಂತಾತು."

"ತಪ್ಪ ತಿಳ್ಕೊಂಡೀರಿ. ಕಸುವು ಕಡಿಮಿ ಆಗಿಲ್ಲ, ಹೆಚ್ಚಾಗೈತಿ. ಬೂಸರ ನಿಮಗ ಮಾಡಿದ್ದಕ್ಕಿಂತ ನಿಮ್ಮ ಮೈ ಅದರ ಮ್ಯಾಲೆ ಏರಿ ಹೋಗಿ ಮಾಡಿದ್ದ ಜಾಸ್ತಿ. ಆ ಬಡದಾಟದಾಗ ನಿಮ್ಮ ಪುಪ್ಪುಸ ಗಾಯ ಆಗಾಕತ್ತೈತಿ."

ಇಷ್ಟು ದಿನ ಸೋತವನೆಂದುಕೊಂಡಿದ್ದ ಹಜರತಅಲಿ ತಲೆಯೆತ್ತಿ ಡಾಕ್ಟರರ ಮುಖ ನೋಡಿದ.

ಹೊಸ ಗುಳಿಗೆ ಶುರುವಾಗುವ ಮೊದಲೇ ಉಮಾಶ್ರೀ ಇಬ್ಬರನ್ನೂ ಒಂದು ಮಾತು ಕೇಳಿದಳು. ಒಂದೇ ಧೂಳು ಕುಡಿಯುವ ಇಬ್ಬರಲ್ಲಿ ಒಬ್ಬರಿಗೆ ರೋಗ ಬಂದು ಇನ್ನೊಬ್ಬರಿಗೆ ಯಾಕೆ ಬರುವುದಿಲ್ಲ ಎಂಬುದೇ ಅವಳ ಸಂಶೋಧನೆ. ಇಬ್ಬರೂ ಸ್ವಲ್ಪ ರಕ್ತ ಕೊಡುವಿರಾ? ಮನೆಯಲ್ಲಿ ರಸೂಲಬಿ ಒಪ್ಪಲಿಲ್ಲ. "ಒಬ್ಬರರ ನೆಟ್ಟಗ ಇರ್ರಿ" ಎಂದಳು. ಆದರೆ ಗುಂಡುಕಲ್ಲೆಂಬ ಮಾತು ಅಬೀದಾಳನ್ನು ಸುಮ್ಮನೆ ಇರಗೊಡಲಿಲ್ಲ. ತನ್ನೊಳಗೆ ಇರುವುದೇನೆಂದು ಅವಳಿಗೇ ತಿಳಿಯಬೇಕಿತ್ತು. ಗಂಡನ ಜೊತೆ ತಾನೂ ತೋಳು ಚಾಚಿ ರಕ್ತ ಕೊಟ್ಟಳು.

ಗುಳಿಗೆ ಹಿಡಿಯಿತು. ಬೇಸಿಗೆ ಕಾಲಿಡುವ ಹೊತ್ತಿಗೆ ಹಜರತಅಲಿಯ ಎದೆಯ ಸೀಟಿ ನಿಂತಿತ್ತು. ಧಾರವಾಡಕ್ಕೆ ಬನ್ನಿರೆಂದು ಉಮಾಶ್ರೀ ಹೇಳಿಕಳಿಸಿದಾಗ ಇಬ್ಬರೂ ಚಿಗರಿ ಎಂಬ ಸಿಟಿ ಬಸ್ಸು ಹತ್ತಿ ಹೋದರು.

ಪ್ರಯೋಗಶಾಲೆಯಲ್ಲಿ ಕಂಪ್ಯೂಟರಿನ ಕರಿಯ ಪರದೆಯ ಮೇಲೆ ಚುಕ್ಕಿಗಳು ಹರಡಿದ್ದವು. ಕೆಲವು ಕಡೆ ದಟ್ಟವಾಗಿ, ಕೆಲವು ಕಡೆ ಚೆದುರಿ, ಮೋಡವಿಲ್ಲದ ಆಕಾಶ ನೋಡಿದಂತೆ.

"ಅಬೀದಾ ಅವರ, ಇವು ನಿಮ್ಮ ರಕ್ತದ ಬಿಳಿ ಕಣಾ. ಬಣ್ಣಾ ಹಚ್ಚಿ, ಒಂದೊಂದನ್ನ ಬೆಳಕಿನ ಮುಂದ ಹಾಯಿಸೇವಿ. ಒಂದು ಚುಕ್ಕಿ ಅಂದ್ರ ಒಂದು ಕಣ."

"ಇವೆಲ್ಲಾ ನನ್ನೊಳಗಿನವಾ?" ಅಬೀದಾಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ಒಂದು ಚಮಚೆ ರಕ್ತದಾಗಿನ ಒಂದು ಪಾಲು ಅಷ್ಟ. ಈಗ ಇಲ್ಲಿ ನೋಡ್ರಿ." ಮೂಲೆಯಲ್ಲಿದ್ದ ಪುಟ್ಟ ಗುಂಪನ್ನು ಉಮಾಶ್ರೀ ಬೆರಳಿನಿಂದ ತೋರಿಸಿದಳು. "ಇವು ಭಾಳ ಇರೂದಿಲ್ಲ. ಬಡದಾಡೂದು ಇವುಗಳ ಕೆಲಸ ಅಲ್ಲ. ಉಳದವು ಬೂಸರ ಕಂಡು ಕುದ್ಯಾಕ ಹತ್ತಿದಾಗ ಸಾಕು, ಇನ್ನ ಬಿಡ್ರಿ ಅಂತ ತಡ್ಯೂದು ಇವುಗಳ ಕೆಲಸ. ಓಣ್ಯಾಗ ಜಗಳಾ ಹತ್ತಿದ್ರ ಹಿರ್ಯಾರು ನಡುವ ಬರ್ತಾರಲ್ರಿ, ಹಂಗ."

"ತಡದ್ರ ಬೂಸರ ಒಳಗ ಬೆಳ್ಯಾಂಗಿಲ್ಲೇನ್ರಿ?" ಹಜರತಅಲಿ ಕೇಳಿದ.

"ಛಲೋ ಕೇಳಿದ್ರಿ. ಪೂರಾ ತಡದ್ರ ಬೆಳೀತೈತಿ, ಜೀವಾ ತಗೀತೈತಿ. ತಡೀದಿದ್ರ ನಿಮ್ಮಂಗ ಆಗತೈತಿ. ಎಷ್ಟು ಬೇಕೋ ಅಷ್ಟು ಬಡದಾಡಿ ನಿಲ್ಲಬೇಕು. ಆ ಅಳತಿ ಇವುಗಳ ಕೈಯಾಗೈತಿ."

ಆಮೇಲೆ ಉಮಾಶ್ರೀ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಮಾತು ನಿಧಾನವಾಯಿತು. ಹಜರತಅಲಿಯ ರಕ್ತದ ಕಣಗಳಿಗೆ ಬೂಸರಿನ ಸಾರ ತಾಗಿಸಿದಾಗ ಅವು ಕೆರಳಿ ನಿಂತವಂತೆ. ಅಬೀದಾಳವು ತುಸು ಎಚ್ಚೆತ್ತು ತಣ್ಣಗಾದವಂತೆ. ಅಲ್ಲಿಗೆ ಬಿಡದೆ ಅವಳು ಇನ್ನೊಂದು ಪರೀಕ್ಷೆ ಮಾಡಿದ್ದಳು. ಅಬೀದಾಳ ರಕ್ತದಿಂದ ಆ ಪುಟ್ಟ ಗುಂಪನ್ನಷ್ಟೇ ಬೇರೆ ತೆಗೆದು, ಉಳಿದವಕ್ಕೆ ಮತ್ತೆ ಬೂಸರಿನ ಸಾರ ತಾಗಿಸಿದ್ದಳು.

"ಏನಾತ್ರಿ?" ಅಬೀದಾ ಕೇಳಿದಳು.

"ನಿಮ್ಮ ಯಜಮಾನರವು ಹೆಂಗ ಕೆರಳಿದ್ವೋ, ಹೆಚ್ಚೂಕಡಿಮಿ ಹಂಗ ಕೆರಳಿದ್ವು."

ಅಬೀದಾ ಪರದೆಯ ಮೂಲೆಯಲ್ಲಿದ್ದ ಆ ಚುಕ್ಕಿಗಳನ್ನೇ ನೋಡಿದಳು. ಅವಳು ಕಲ್ಲೂ ಅಲ್ಲ, ಕಬ್ಬಿಣವೂ ಅಲ್ಲ. ಗಂಡನ ಒಳಗೆ ಹೊತ್ತಿದ ಬೆಂಕಿ ಅವಳೊಳಗೂ ಇತ್ತು. ಹಸಿರು ಧೂಳಿನಲ್ಲಿ ಕೂತು ಹಾಡು ಗುನುಗುತ್ತಿದ್ದಾಗ, ಅತ್ತೆಯ ಮಾತಿಗೆ ಅಳುತ್ತಿದ್ದಾಗ, ನಿದ್ದೆಯಲ್ಲಿದ್ದಾಗಲೂ, ಈ ಒಂದು ಹಿಡಿ ಜೀವಗಳು ಅವಳ ಅರಿವಿಗೇ ಬಾರದೆ ಆ ಬೆಂಕಿಯನ್ನು ಒಲೆ ದಾಟದಂತೆ ಕಾಯ್ದಿದ್ದವು. ಅವಳ ಮೈ ಜುಮ್ಮೆಂದಿತು.

"ಇವಕ್ಕ ಯಾರು ಕಲಿಸಿದ್ರಿ ಮೇಡಮ್, ಎಷ್ಟಕ್ಕ ಸಾಕು ಅನ್ನೂದು?"

"ಅರ್ಧಾ ಗೊತ್ತೈತಿ, ಅರ್ಧಾ ಗೊತ್ತಿಲ್ರಿ." ಉಮಾಶ್ರೀಯ ಕಣ್ಣೂ ಪರದೆಯ ಮೇಲೆಯೇ ಇತ್ತು. "ದಿನಾ ನೋಡತೇನಿ, ನನಗೂ ಇನ್ನೂ ಸೋಜಿಗ ತೀರಿಲ್ಲ. ಒಂದು ಜೋಡಿ ನೋಡಿ ಖರೇ ಹಿಂಗ ಐತಿ ಅಂತ ಹೇಳಾಕ ಬರೂದಿಲ್ಲ. ಇನ್ನೂ ಭಾಳ ಮಂದಿದು ನೋಡಬೇಕು."

ಹಜರತಅಲಿ ಗಂಟಲು ಸರಿಮಾಡಿಕೊಂಡ. "ನನ್ನಾಗ ಇವು ಇಲ್ಲೇನ್ರಿ?"

"ಅದಾವ್ರಿ. ನಿಮ್ಮವು ಒಂದೀಟು ಕಡಿಮಿ ಅದಾವು, ಅವುಗಳ ಮಾತು ಉಳದವು ಕೇಳಾಕತ್ತಿದ್ದಿಲ್ಲ. ಈಗ ಗುಳಿಗಿ ಅವುಗಳ ಪರ ಮಾತಾಡಾಕತ್ತೈತಿ." ಆಮೇಲೆ ಅಬೀದಾಳ ಕಡೆ ತಿರುಗಿ ದನಿ ಬಿಗಿಮಾಡಿದಳು. "ನೀವು ಅವು ಅದಾವಂತ ಬರೇ ಮೂಗಿಲೆ ಧೂಳ ಕುಡೀಬ್ಯಾಡ್ರಿ ಮತ್ತ. ಇಬ್ಬರೂ ಮಾಸ್ಕ್ ಹಾಕ್ರಿ. ಬೂಸರ ಬಂದ ಹತ್ತಿ ಇನ್ನ ಯಂತ್ರಕ್ಕ ಹಾಕೂದ ಬ್ಯಾಡ."

ಹೊರಡುವಾಗ ಹಜರತಅಲಿ ಬಾಗಿಲ ತನಕ ಹೋಗಿ ನಿಂತ. ತಿರುಗಿ, ಪರದೆಯ ಕಡೆ ನೋಡಿ, ಎದೆಯ ಮೇಲೆ ಕೈಯಿಟ್ಟು ಸಲಾಮು ಮಾಡಿದ. ಉಮಾಶ್ರೀ ನಗಲಿಲ್ಲ.

ಅಂದಿನಿಂದ ಅವರ ಅಂಗಡಿಯಲ್ಲಿ ಹೊಸ ಹತ್ತಿ, ಬೂಸರಿಲ್ಲದ ಒಣ ಹತ್ತಿಗಷ್ಟೇ ಜಾಗ. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಯಂತ್ರದ ಮುಂದೆ ಅಬೀದಾ ಕೂತಳು. ಹಜರತಅಲಿ ದೂರದ ಕಿಟಕಿಯ ಹತ್ತಿರ ಉದ್ದನೆಯ ಸೂಜಿ ಹಿಡಿದು ಗಾದಿ ಹೊಲಿಯುವ ಕೆಲಸಕ್ಕಿಳಿದ. ಯಂತ್ರ ಬಿಟ್ಟುಕೊಟ್ಟದ್ದಕ್ಕೆ ಮೊದಮೊದಲು ಮುಖ ಸಣ್ಣದು ಮಾಡಿದ್ದು ನಿಜ. ಅವನ ಹೊಲಿಗೆಯನ್ನು ಗಿರಾಕಿಗಳು ಹೊಗಳತೊಡಗಿದ ಮೇಲೆ ಅದೂ ಹೋಯಿತು.

ಒಂದು ಮಧ್ಯಾಹ್ನ ಊಟವಾದ ಮೇಲೆ ಅಬೀದಾ ಧಾರವಾಡದಲ್ಲಿ ಕಂಡದ್ದನ್ನೆಲ್ಲ ಅತ್ತೆಗೆ ಹೇಳಿದಳು. ಚುಕ್ಕಿಗಳನ್ನು ಹೇಗಂತ ಹೇಳುವುದು? ನೆಲದ ಮೇಲೆ ಬೆರಳಿಂದ ತೋರಿಸಿದಳು. ರಸೂಲಬಿ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿ ಕೇಳಿದಳು. ಎಲೆಅಡಿಕೆಯ ತಟ್ಟೆ ಪಕ್ಕಕ್ಕೆ ಸರಿಸಿ,

"ಸಂಕಟದಾಗ ಏನೇನರ ಅಂದೇನಿ ನಿನಗ. ಮನಸಿಗೆ ಹಚ್ಕೋಬ್ಯಾಡವಾ" ಎಂದಳು. ಮತ್ತೆ ತಡೆದು ಕೇಳಿದಳು, "ನಿಮ್ಮ ಮಾವನ ಕೂಡ ನಾನೂ ಮುಪ್ಪಾಗೂತನಾ ಆ ಧೂಳದಾಗ ಕುಂತಾಕಿ. ಕೆಮ್ಮಿಲ್ಲ, ದಮ್ಮಿಲ್ಲ. ನನ್ನಾಗೂ ಅವು ಅದಾವಂತೀ?"

"ಅದಾವ ಅತ್ತಿ. ಎಲ್ಲಾರಾಗೂ ಇರ್ತಾವಂತ."

ಮುದುಕಿ ಗೋಡೆಗೊರಗಿ ಕಣ್ಣು ಮುಚ್ಚಿದಳು. ತನ್ನೊಳಗೆ ಮಲಗಿದವರನ್ನು ಎಚ್ಚರಿಸಬಾರದೆಂಬಂತೆ, ಬಹಳ ಮೆಲ್ಲಗೆ, ಎದೆ ತುಂಬ ಒಂದು ಉಸಿರು ಎಳೆದುಕೊಂಡಳು.