ಸ್ಥಾಪಕಾಧ್ಯಕ್ಷರ ಮಗಳಿಗೆ ಮೂವತ್ತಕ್ಕೆ ಮೂವತ್ತು

ಸಿದ್ಧಕಟ್ಟೆಯ ಗುರುವಪ್ಪ ಟ್ಯಾಪಿಂಗ್ ಕತ್ತಿ ಹಿಡಿದು ತೋಟಕ್ಕೆ ಇಳಿದರೆ ರಬ್ಬರ್ ಮರಗಳು ತಾವಾಗಿಯೇ ಹಾಲು ಹಿಡಿಯುವ ಗೆರಟೆಯತ್ತ ವಾಲುತ್ತವೆ ಎಂಬುದು ನಾಲ್ಕು ಗ್ರಾಮಗಳಲ್ಲಿ ಪ್ರಸಿದ್ಧ. ಪ್ರಸಿದ್ಧಿ ಮಾಡಿದ್ದು ಅವನೇ.

ಅಂಥವನ ಮನೆಯಲ್ಲಿ ಎಂಟು ದಿನಗಳಿಂದ ಸದ್ದಿರಲಿಲ್ಲ. ಮಗಳು ದೀಪಶ್ರೀ ಮೂಡುಬಿದಿರೆಯಲ್ಲಿ ಪ್ರಥಮ ಪಿಯುಸಿ. ಸಂಜೆ ಬಸ್ಸಿಳಿದು ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲೇಜಿನ ನಾನೂರು ಮಂದಿಯ ಸುದ್ದಿ ಹೇಳಿ ಮುಗಿಸುವ ಹುಡುಗಿ. ಅವಳ ಮಾತಿನ ರಭಸಕ್ಕೆ ಗೋಡೆಯ ಸುಣ್ಣ ಉದುರುತ್ತಿತ್ತು. ಭೌತಶಾಸ್ತ್ರದಲ್ಲಿ ಎಪ್ಪತ್ತಕ್ಕೆ ಹತ್ತೊಂಬತ್ತು ಬಂದ ದಿನ ಅವಳು ಬಾಯಿ ಮುಚ್ಚಿದಳು. ತಲೆನೋವೆಂದು ಮಲಗಿದಳು. ಗಂಜಿಯ ತಟ್ಟೆ ಹೇಗೆ ಒಳಗೆ ಹೋಯಿತೋ ಹಾಗೆಯೇ ಹೊರಗೆ ಬರುತ್ತಿತ್ತು. ಒಂಬತ್ತನೆಯ ದಿನ, "ನಾನು ಇನ್ನು ಕಾಲೇಜಿಗೆ ಹೋಗುವುದಿಲ್ಲ" ಎಂದಳು.

ಅದೇ ದಿನ ಗೆಳತಿಯೊಬ್ಬಳ ಕೈಯಲ್ಲಿ ಕಾಲೇಜಿನಿಂದ ಒಂದು ಫಾರಂ ಬಂತು. ಮೇಲೆ ದಪ್ಪ ಅಕ್ಷರದಲ್ಲಿ "ವಿದ್ಯಾರ್ಥಿಗಳ ಮಾನಸಿಕ ಸ್ಥಿತಿಸ್ಥಾಪಕತ್ವ ಮಾಪನ" ಎಂದಿತ್ತು. ಗುರುವಪ್ಪ ಕನ್ನಡಕ ಹಾಕದೆ ಓದಿದ. ಕಣ್ಣಿಗೆ ಬಿದ್ದದ್ದು ನಡುವಿನ "ಸ್ಥಾಪಕ" ಒಂದೇ. ಊರಿನ ವಾಲಿಬಾಲ್ ಗೆಳೆಯರ ಬಳಗಕ್ಕೆ ಅವನು ಸ್ಥಾಪಕಾಧ್ಯಕ್ಷ. ಹದಿನಾರು ವರ್ಷಗಳ ಆಮಂತ್ರಣ ಪತ್ರಿಕೆಗಳಲ್ಲಿ ಆ ಪದ ಅವನ ಹೆಸರಿನೊಡನೆ ಅಚ್ಚಾಗಿದೆ.

"ಮೋಹಿನೀ, ಬಾ ಇಲ್ಲಿ! ಮಗಳನ್ನು ಕಾಲೇಜಿನಲ್ಲಿ ಎಂತದೋ ಸ್ಥಾಪಕಿ ಮಾಡ್ತಾರೆ. ರಕ್ತದಲ್ಲಿ ಉಂಟಲ್ವಾ, ಎಲ್ಲಿ ಹೋಗ್ತದೆ!"

"ಮಗಳು ಊಟ ಬಿಟ್ಟು ಮಲಗಿದ್ದಾಳೆ, ನಿಮಗೆ ಸ್ಥಾಪನೆಯ ಗಡಿಬಿಡಿ," ಎಂದಳು ಹೆಂಡತಿ ಮೋಹಿನಿ. "ಅವಳ ಫಾರಂ, ಅವಳೇ ತುಂಬಿಸಲಿ."

"ಅವಳಿಗೆ ತಲೆನೋವಲ್ವಾ ಮಾರಾಯ್ತಿ. ಒಂದೊಂದು ಸಾಲಿಗೆ ಒಂದರಿಂದ ಐದರ ತನಕ ಅಂಕ ಹಾಕ್ಲಿಕ್ಕೆ ಉಂಟು. ಸ್ವಂತ ಮಗಳಿಗೆ ಕಡಿಮೆ ಹಾಕುವ ಅಪ್ಪ ಉಂಟಾ?"

ಆರು ಸಾಲು, ಆರು ಐದು. ಮೂವತ್ತಕ್ಕೆ ಮೂವತ್ತು. ಮರುದಿನ ಬೆಳಿಗ್ಗೆ ಫಾರಂ ಕಾಲೇಜಿಗೆ ಹೋಯಿತು, ಸುದ್ದಿ ಪೇಟೆಗೆ ಹೋಯಿತು. ಮಧ್ಯಾಹ್ನ ಶಿರ್ತಾಡಿ ತಲುಪುವಾಗ ದೀಪಶ್ರೀ ಜಿಲ್ಲೆಗೇ ಮೊದಲಾಗಿದ್ದಳು. ಸಂಜೆ ಗುರುವಾಯನಕೆರೆಯಲ್ಲಿ ಅವಳಿಗೆ ಚಿನ್ನದ ಪದಕವೂ ಸಿಕ್ಕಿತ್ತು.

ಮೂರನೆಯ ದಿನ ಶ್ರೀಮತಿ ಎಂಬ ಟೀಚರ್ ಮನೆಗೆ ಬಂದರು. ಕಾಲೇಜಿನಲ್ಲಿ ಮಕ್ಕಳ ಮನಸ್ಸಿನ ಕಷ್ಟ ಕೇಳುವ ಆಪ್ತಸಮಾಲೋಚಕಿ ಅವರು. ಕೈಯಲ್ಲಿ ಅದೇ ಫಾರಂ.

"ಗುರುವಪ್ಪಣ್ಣ, ಇದನ್ನು ತುಂಬಿಸಿದ್ದು ಯಾರು?"

"ದೀಪಶ್ರೀಯೇ ಟೀಚರೇ."

"ಒಂದನೇ ಸಾಲು, 'ಬಿದ್ದರೆ ಬೇಗ ಎದ್ದು ನಿಲ್ಲುತ್ತೇನೆ.' ಐದು. ಎರಡನೇ ಸಾಲು, 'ಬಿದ್ದರೆ ಏಳಲು ನನಗೆ ತುಂಬ ದಿನ ಬೇಕು.' ಅದಕ್ಕೂ ಐದು! ಒಬ್ಬಳೇ ಹುಡುಗಿ ಒಟ್ಟಿಗೇ ಎದ್ದೂ ಬಿದ್ದೂ ಇರುವುದು ಹೇಗೆ?"

ಅಡಿಗೆಮನೆಯಲ್ಲಿ ಮೋಹಿನಿ ನಕ್ಕದ್ದು ಹೊರಗೆ ಕೇಳಿಸಿತು.

"ಓದದೆ ತುಂಬಿಸುವವರಿಗಾಗಿಯೇ ಮೂರು ಸಾಲು ಉಲ್ಟಾ ಇಟ್ಟದ್ದು. ಅವುಗಳಲ್ಲಿ ಐದು ಹಾಕಿದ್ರೆ ಒಂದು ಅಂತ ಲೆಕ್ಕ. ನಿಮ್ಮ ಮೂವತ್ತು ಈಗ ಹದಿನೆಂಟು."

ಚಿನ್ನದ ಪದಕ ಅಲ್ಲಿಯೇ ಕರಗಿತು. ಗುರುವಪ್ಪ ಸೋಲಲಿಲ್ಲ.

"ಮನಸ್ಸನ್ನು ಎಂತಕ್ಕೆ ಅಳೆಯುವುದು ಟೀಚರೇ? ನಮ್ಮ ಕಾಲದಲ್ಲಿ ಯಾರು ಅಳೀತಿದ್ರು? ನಾನು ಹತ್ತನೇ ಕ್ಲಾಸು ಎಂಟು ಸಲ ಫೇಲಾಗಿಯೂ ಎದ್ದು ನಿಲ್ಲಲಿಲ್ವಾ?"

"ಎರಡು ಸಲ," ಎಂದಿತು ಅಡಿಗೆಮನೆ.

"ಇದು ಪರೀಕ್ಷೆ ಅಲ್ಲ ಗುರುವಪ್ಪಣ್ಣ. ಪಾಸೂ ಇಲ್ಲ, ಫೇಲೂ ಇಲ್ಲ. ಸ್ಥಿತಿಸ್ಥಾಪಕತ್ವ ಅಂದ್ರೆ ನಿಮ್ಮ ರಬ್ಬರಿನ ಗುಣವೇ. ಎಳೆದು ಬಿಟ್ರೆ ಪುನಃ ಮೊದಲಿನ ಹಾಗೆ ಆಗ್ತದಲ್ವಾ? ಪೆಟ್ಟು ತಿಂದ ಮನಸ್ಸು ಹಾಗೆ ಚೇತರಿಸಿಕೊಳ್ಳುವ ಶಕ್ತಿ ಅದು. ಕಡಿಮೆ ಇದ್ರೆ ಬೆಳೆಸ್ಲಿಕ್ಕೆ ಆಗ್ತದೆ. ಈಗ ಯಾರ ಕೈ ಹಿಡೀಬೇಕು ಅಂತ ಗೊತ್ತಾಗ್ಲಿಕ್ಕೆ ಅಳೆಯುವುದು. ಉಲ್ಟಾ ಸಾಲು ಇಲ್ಲದಿದ್ರೆ ನಾನು ನಿಮ್ಮ ಮೂವತ್ತನ್ನು ನಂಬಿ, ಇವಳು ಗಟ್ಟಿ ಇದ್ದಾಳೆ ಅಂತ ಬಿಟ್ಟುಬಿಡ್ತಿದ್ದೆ. ರಬ್ಬರ್ ಹಾಲಿಗೆ ನೀರು ಬೆರೆಸಿದ್ರೆ ಎಂತ ಆಗ್ತದೆ?"

"ಕ್ಯಾನು ತುಂಬ್ತದೆ. ಹೆಪ್ಪು ಹಾಕಿ ಶೀಟು ಮಾಡ್ಲಿಕ್ಕೆ ಹೊರಟ್ರೆ ಒಳಗೆ ರಬ್ಬರೇ ಇರುವುದಿಲ್ಲ." ಗುರುವಪ್ಪ ಟೀಚರ್ ಕೈಯಲ್ಲಿದ್ದ ಫಾರಮನ್ನು ತಿರುಗಿ ನೋಡಿದ.

ಟೀಚರ್ ಹೊಸ ಫಾರಂ ಹಿಡಿದು ದೀಪಶ್ರೀಯ ಕೋಣೆಗೆ ಹೋದರು. "ನೀನೊಬ್ಬಳೇ ತುಂಬಿಸು. ಮನಸ್ಸಿಲ್ಲದಿದ್ರೆ ಬೇಡ. ನೀನು ಹೇಳದೆ ನಾನು ಯಾರಿಗೂ ತೋರಿಸುವುದಿಲ್ಲ," ಎಂದು ಬಾಗಿಲು ಎಳೆದು ಬಂದರು.

ಸ್ವಲ್ಪ ಹೊತ್ತಿನಲ್ಲಿ ದೀಪಶ್ರೀಯೇ ಹೊರಗೆ ಬಂದಳು. ಟೀಚರ್ ಅಂಕ ಕೂಡಿಸಿದರು. ಮೂವತ್ತಕ್ಕೆ ಹನ್ನೊಂದು. ಕೆಳಗೆ ಇನ್ನೊಂದು ಪ್ರಶ್ನೆಯಿತ್ತು: "ಕಷ್ಟ ಬಂದಾಗ ಯಾರ ಹತ್ತಿರ ಹೇಳಿಕೊಳ್ಳುತ್ತೀರಿ?" ಅವಳು ಫಾರಮನ್ನು ಅಪ್ಪನ ಕೈಗೇ ಕೊಟ್ಟಳು. ಉತ್ತರದ ಜಾಗದಲ್ಲಿ "ಯಾರೂ ಇಲ್ಲ" ಎಂದಿತ್ತು.

"ನಾನಿಲ್ವಾ ಮಗಾ?"

"ನಿಮ್ಮ ಹತ್ರ ಹೇಳಿದ್ರೆ ಸಂಜೆಗೆ ಶಿರ್ತಾಡಿಗೆ ಗೊತ್ತಾಗ್ತದೆ ಪಪ್ಪ. ನಾನು ಡಾಕ್ಟರ್ ಆಗ್ತೇನೆ ಅಂತ ಬಸ್ಸಿನ ಕಂಡಕ್ಟರಿಗೂ ಹೇಳಿದ್ದೀರಿ. ಹತ್ತೊಂಬತ್ತು ಬಂದ ದಿನ ಅವರು ಟಿಕೆಟ್ ಕೊಡುವಾಗ, 'ತಕ್ಕೊಳ್ಳಿ ಡಾಕ್ಟ್ರೇ' ಅಂದ್ರು. ಮತ್ತೆ ನನಗೆ ಬಸ್ಸು ಹತ್ಲಿಕ್ಕೇ ಆಗ್ಲಿಲ್ಲ."

ಗುರುವಪ್ಪ ಈ ಸಲ ಕನ್ನಡಕ ಹಾಕಿಕೊಂಡು ಫಾರಮನ್ನು ಮೊದಲ ಸಾಲಿನಿಂದ ಓದಿದ.

ಕೊನೆಗೆ ಕೇಳಿದ: "ಈಗ ಎಂತ ಮಾಡುವ ಟೀಚರೇ?"

"ದೊಡ್ಡದು ಎಂತದೂ ಬೇಡ. ವಾರಕ್ಕೊಮ್ಮೆ ಅವಳು ನನ್ನ ಹತ್ರ ಕೂತು ಮಾತಾಡಲಿ. ಕಲಿಸುವವರ ಹತ್ರ ಒಂದೇ ಒಂದು ಪಾಠ ಪುನಃ ಹೇಳಿಸಿಕೊಳ್ಳಲಿ. ನೀವು ಅವಳು ಹೇಳಿದ್ದನ್ನು ಕೇಳಿ, ಕೇಳಿದ್ದನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಸ್ವಲ್ಪ ದಿನ ಮಾರ್ಕಿನ ಮಾತು ಬೇಡ."

ಗುರುವಪ್ಪ ಫಾರಮನ್ನು ಮಡಚಿ ಮಗಳ ಕೈಗೆ ಕೊಟ್ಟ. "ಮರಕ್ಕಾದ್ರೂ ಒಂದು ದಿನ ಬಿಟ್ಟು ಒಂದು ದಿನ ರಜೆ ಕೊಡ್ತೇನೆ. ಇವಳನ್ನು ಮಾರ್ಕು ಮಾರ್ಕು ಅಂತ ದಿನಕ್ಕೆ ಎರಡು ಹೊತ್ತು ಕೆತ್ತಿದೆ."

ಮರುದಿನ ಅವನೇ ಬಸ್ ನಿಲ್ದಾಣಕ್ಕೆ ಬಂದು, ಮಗಳು ಹತ್ತುವ ಮೊದಲು ಕಂಡಕ್ಟರನ ಕಿವಿಯಲ್ಲಿ ಏನೋ ಹೇಳಿದ. ಆ ದಿನದಿಂದ ಅವಳು ಬಸ್ಸಿನಲ್ಲಿ ಬರೀ ದೀಪಶ್ರೀ.

ಮುಂದಿನ ಪರೀಕ್ಷೆಯಲ್ಲಿ ಭೌತಶಾಸ್ತ್ರಕ್ಕೆ ಬಂದದ್ದು ಇಪ್ಪತ್ತೇಳು. ಅವಳು ಸಂಜೆ ಅತ್ತಳು, ಅಮ್ಮನ ಹತ್ತಿರ ಹೇಳಿಕೊಂಡಳು, ಗಂಜಿ ಉಂಡಳು. ಬೆಳಿಗ್ಗೆ ಉತ್ತರಪತ್ರಿಕೆ ಹಿಡಿದು ಬಸ್ ಹತ್ತಿದಳು, ಎಲ್ಲಿ ತಪ್ಪಿತೆಂದು ಕೇಳಲು. ಹತ್ತು ವಾರಗಳ ಬಳಿಕ ಟೀಚರ್ ಪುನಃ ಅಳೆದಾಗ ಹನ್ನೊಂದಿದ್ದದ್ದು ಹದಿನೇಳಾಗಿತ್ತು. ಅದನ್ನು ಹೇಳಬಹುದೇ ಎಂದು ಗುರುವಪ್ಪ ಮಗಳನ್ನು ಕೇಳಿದ. ಅವಳು ನಕ್ಕು ಹೂಂ ಎಂದಳು. ಪೇಟೆಯಲ್ಲಿ ಅವನು ಜೀವಮಾನದಲ್ಲಿ ಮೊದಲ ಬಾರಿಗೆ ಇದ್ದದ್ದನ್ನು ಇದ್ದಷ್ಟೇ ಹೇಳಿದ: "ಹದಿನೇಳು." ಜನ ರೂಢಿಯಂತೆ ಅರ್ಧ ಕಳೆದು, ಎಂಟೂವರೆ ಎಂದುಕೊಂಡರು.

ತಂದೆ ತಾಯಂದಿರೇ, ನಿಮ್ಮ ಮಕ್ಕಳಿಗೆ ಇಂಥ ಫಾರಂ ಬಂದರೆ ಪೆನ್ನನ್ನು ಅವರ ಕೈಗೇ ಕೊಡಿ. ಬಂದ ಸಂಖ್ಯೆ ಮಗುವಿನ ಯೋಗ್ಯತೆಯಲ್ಲ. ಇವತ್ತು ಎಷ್ಟು ಆಸರೆ ಬೇಕು ಎಂಬುದರ ಗುರುತು, ನಾಳೆ ಬದಲಾಗುವಂಥದ್ದು. ಮಗು ಊಟ, ಮಾತು, ಆಟ ಬಿಟ್ಟು ದಿನಗಳಾದರೆ ಫಾರಮಿಗೆ ಕಾಯಬೇಡಿ. ಶಾಲೆಯ ಶಿಕ್ಷಕರನ್ನು ಕಾಣಿ, ಇಲ್ಲವೇ ಸರಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ. ಜೀವ ಬೇಡವೆಂಬ ಮಾತು ಬಂದರೆ ಮಗುವನ್ನು ಒಂಟಿಯಾಗಿ ಬಿಡದೆ ಆ ಕೂಡಲೇ ಕರೆ ಮಾಡಿ. ಇಂದು ಸಂಜೆ ಮಗು ಮನೆಗೆ ಬಂದಾಗ ಮಾರ್ಕು ಕೇಳುವ ಮೊದಲು "ಇವತ್ತು ಹೇಗಾಯ್ತು?" ಎಂದು ಕೇಳಿ. ಆಮೇಲೆ ನೀವು ಸುಮ್ಮನಿರಿ.