ಮಾವನ ರಕ್ತ

ತಾಹೇರ ಜನರನ್ನು ಸರಿಸಿಕೊಂಡು ಬಂದು ದುರಗಮ್ಮನ ಭುಜ ಅಲುಗಿಸಿದಳು. ಗೋಡೆಗೆ ಆನಿಸಿ ಕೂಡಿಸಿದ್ದ ಗಂಡನ ಹೆಣದ ಮುಂದೆ ದುರಗಮ್ಮ ಕೂತಿದ್ದಳು. ಶ್ರೀರಾಮನಗರದ ಅಕ್ಕಿ ಮಿಲ್ಲಿನಲ್ಲಿ ಜೀವಮಾನವಿಡೀ ಚೀಲ ಹೊತ್ತ ಹಮಾಲ ಪಕ್ಕೀರಪ್ಪ, ನಿನ್ನೆ ಚಹಾ ಕುಡಿಯುತ್ತ ಎದೆ ಹಿಡಿದುಕೊಂಡವನು ಮತ್ತೆ ಏಳಲಿಲ್ಲ. ಬಸುರಿಯಾದವಳು ಹೆಣ ನೋಡಬಾರದೆಂದು ಸೊಸೆ ದ್ರಾಕ್ಷಾಯಿಣಿಯನ್ನು ಪಕ್ಕದ ತಾಹೇರಳ ಮನೆಯಲ್ಲಿ ಇಟ್ಟಿದ್ದರು.

“ಅಕ್ಕಾ, ಮುಂಜಾನಿಂದ ಕೂಸು ಹೊರಳಾಡೋದು ಗೊತ್ತಾಗವಲ್ದಂತ,” ಎಂದಳು ತಾಹೇರ.

ದುರಗಮ್ಮನ ಅಳು ಗಕ್ಕನೆ ನಿಂತಿತು.

ಪಕ್ಕೀರಪ್ಪನ ಅಕ್ಕ ಮುದಕಮ್ಮನಿಗೆ ಸಾವಿನ ಮನೆಯಲ್ಲೂ ದರ್ಬಾರು ಬಿಡದು. ಹೆಣ ಎತ್ತುವ ತನಕ ಮನೆಯ ಬಸುರಿ ಊರು ದಾಟುವಂತಿಲ್ಲ, ಕೂಸು ಅಂಜಿ ಮುದುಡಿರುತ್ತದೆ, ಬೆಲ್ಲದ ನೀರು ಕುಡಿಸಿ ಎಂದು ತೀರ್ಪು ಕೊಟ್ಟೇಬಿಟ್ಟಳು. ಎಲ್ಲರೂ ಹೂಂಗುಟ್ಟಿದರು. ಇದು ಅಂಜಿಕೆಯಲ್ಲ ಎಂದು ದುರಗಮ್ಮನ ಹೊಟ್ಟೆಗೆ ಗೊತ್ತಿತ್ತು.

*

ಹೋದ ವರ್ಷ ಮಗ ವಿರುಪಾಕ್ಷಿ, ಸೊಸೆ ಇಬ್ಬರಿಗೂ ಡೆಂಗ್ಯೂ. ಮಗ ಜ್ವರದಲ್ಲಿ ಮೈಮರೆತು ಮಲಗಿದ್ದ, ಸೊಸೆಯ ಮೂಗಿನಿಂದ ರಕ್ತ ನಿಲ್ಲಲೊಲ್ಲದು. ಪ್ಲೇಟ್‌ಲೆಟ್ ಬೇಕೆಂದರು. ಅವಳದು ಓ ನೆಗೆಟಿವ್. ಆ ಗುಂಪಿನವರು ಗಂಗಾವತಿಯಲ್ಲೂ ಸಿಗಲಿಲ್ಲ, ಕೊಪ್ಪಳದಲ್ಲೂ ಸಿಗಲಿಲ್ಲ. ಓ ಪಾಸಿಟಿವ್ ಆದ ಪಕ್ಕೀರಪ್ಪನೇ ತೋಳು ಚಾಚಿ ಮಲಗಿದ. ಗುಂಪು ಹೊಂದದ್ದರಿಂದ ಅಪರೂಪಕ್ಕೆ ಇವಳ ಮೈಯಲ್ಲಿ ಪ್ರತಿಕಾಯ ಹುಟ್ಟಬಹುದು, ಮುಂದೆ ಪಾಸಿಟಿವ್ ಕೂಸು ನಿಂತರೆ ಅವು ಕೂಸಿನ ರಕ್ತವನ್ನೇ ಒಡೆಯುತ್ತವೆ ಎಂದರು ಡಾಕ್ಟರು. ಅದನ್ನು ತಡೆಯುವ ಸೂಜಿ ಹೊತ್ತಿಗೆ ಸಿಗಲಿಲ್ಲ. ಬಸುರಾದಾಗ ತಪ್ಪದೆ ಹೇಳಿ ಎಂದು ಕಳಿಸಿದರು.

ಹೇಳಗೊಡದವಳು ದುರಗಮ್ಮ. ಮಾವನ ರಕ್ತ ಇಳಿದರೆ ಸೊಸೆ ಮಗಳಾದಂತೆ, ಆಗ ಗಂಡ ಅಣ್ಣನಾದಂತೆ! ಮುದಕಮ್ಮನಂಥವರ ಕಿವಿಗೆ ಬಿದ್ದರೆ ಸಂಸಾರ ಉಳಿಸಿಯಾರೇ? ಮಗನಿಗೂ ಹೇಳದಂತೆ ಗಂಡನಿಂದ, ಸೊಸೆಯಿಂದ ಆಣೆ ಹಾಕಿಸಿಕೊಂಡಳು. ಬಸುರಿನ ತಪಾಸಣೆಯಲ್ಲಿ, ಹಿಂದೆ ರಕ್ತ ಏರಿಸಿದ್ದುಂಟೇ ಎಂದು ನರ್ಸು ಕೇಳಿದಾಗ, ಸೊಸೆ ಬಾಯಿ ತೆಗೆಯುವ ಮೊದಲೇ ಇಲ್ಲ ಅಂದವಳೂ ಇವಳೇ.

*

ದುರಗಮ್ಮ ಎದ್ದು ನಿಂತಳು.

“ನನ್ ಸೊಸಿ ಮೈಯಾಗ ನನ್ ಗಂಡನ ರಕ್ತ ಐತಿ. ಡೆಂಗ್ಯೂ ಬಂದಾಗ ಕೊಟ್ಟಾನ. ಅದರಿಂದ ಕೂಸಿಗೆ ತ್ರಾಸ ಆಗಬಹುದಂತ ಡಾಕ್ಟರ್ ಹೇಳಿದ್ರು. ನಾನ ಮುಚ್ಚಿಟ್ಟೆ.”

ಮುದಕಮ್ಮ ವಿರುಪಾಕ್ಷಿಯ ಕಡೆ ತಿರುಗಿದಳು.

“ಹಂಗಾದ್ರ ಆಕಿ ನಿನಗ ಏನಾಗಬೇಕೋ?”

“ಹೇಂತಿ,” ಎಂದ ವಿರುಪಾಕ್ಷಿ. ಅವ್ವನ ಮುಖ ನೋಡದೆ, ಆಟೋ ತೆಗೆಯಲು ತಾಹೇರಳ ಗಂಡ ಮಾಜೀದನಿಗೆ ಹೇಳಿದ. ಹೆಣದ ಹತ್ತಿರ ಮಗ ಉಳಿಯಲೇಬೇಕಿತ್ತು. ದುರಗಮ್ಮ ಸೊಸೆಯನ್ನು ತಬ್ಬಿಕೊಂಡು ಆಟೋ ಹತ್ತಿದಳು. ನೀನಿಲ್ಲದೆ ಹೆಣ ಎತ್ತುವುದಿಲ್ಲ ಎಂದರು ಹಿರಿಯರು.

ಬಿಸಿಲು ಇಳಿಯುವಾಗ ದುರಗಮ್ಮನ ಫೋನು ಬಂತು.

“ಎದಿ ಬಡಿತ ಐತಿ. ಆದ್ರ ಕೂಸಿನ ರಕ್ತ ಒಡಿತಾವಂತ ಡಾಕ್ಟರ್ ಅಂದಿದ್ರಲ್ಲ, ಅವು ಆಕಿ ಮೈಯಾಗ ಹುಟ್ಟ್ಯಾವಂತ. ಹೊಟ್ಟ್ಯಾಗ ಇದ್ದಂಗನ ಕೂಸಿಗೆ ರಕ್ತ ಹಾಕಬೇಕಾಗತೈತಂತ, ಹುಬ್ಬಳ್ಳಿಗೆ ಹೊಂಟೀವಿ. ನನ್ನ ಕಾಯಬ್ಯಾಡ್ರಿ. ಮಣ್ಣು ಮಾಡ್ರಿ.”

ಕುಣಿಗೆ ಇಳಿಸಿದ ಮೇಲೆ ವಿರುಪಾಕ್ಷಿ ಮೊದಲ ಹಿಡಿ ಮಣ್ಣು ಹಾಕಿದ. ಮುಂದಿನ ಹಿಡಿ ಸತ್ತವನ ಹೆಂಡತಿಯದು. ಹಿರಿಯರು ಸುತ್ತ ನೋಡಿದರು. ಯಾರೂ ಮುಂದೆ ಬರಲಿಲ್ಲ. ಮುದಕಮ್ಮ ಬಗ್ಗಿ ದುರಗಮ್ಮನ ಪಾಲಿನ ಹಿಡಿ ಎತ್ತಿಕೊಂಡಳು. ಕುಣಿಗೆ ಹಾಕಲಿಲ್ಲ. ಸೆರಗಿನ ತುದಿಯಲ್ಲಿಟ್ಟು ಬಿಗಿಯಾಗಿ ಗಂಟು ಹಾಕಿದಳು.