ಮಂಡಕ್ಕಿ ಕಟ್ಟಿದ ರಕ್ತದ ಹಾಳೆ

ನಾನು ಒಂದು ರಕ್ತಪರೀಕ್ಷೆಯ ಹಾಳೆ. ದಾವಣಗೆರೆಯ ಒಂದು ಸಣ್ಣ ಲ್ಯಾಬಿನ ಪ್ರಿಂಟರಿನಿಂದ ಬಿಸಿಬಿಸಿಯಾಗಿ ಹೊರಬಿದ್ದೆ. ಮೈಮೇಲೆ ಕರಿಬಸಮ್ಮ, ಅರವತ್ತು ವರ್ಷ ಎಂದಿತ್ತು. ಕೆಳಗೆ, ಕ್ರಿಯಾಟಿನಿನ್ 0.7. ಅದು ಮಾಂಸಖಂಡಗಳಿಂದ ದಿನವೂ ರಕ್ತಕ್ಕೆ ಸೇರುವ ಕಸ. ಕಿಡ್ನಿ ಅದನ್ನು ಸೋಸಿ ಹೊರಹಾಕುತ್ತದೆ. ಸೋಸುವುದು ಕಮ್ಮಿಯಾದರೆ ಅಂಕಿ ಏರುತ್ತದೆ. 1.2 ದಾಟಿದರೆ ಲ್ಯಾಬಿನವರು ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಾರೆ. ನನ್ನಲ್ಲಿ ದಪ್ಪಕ್ಷರ ಇರಲಿಲ್ಲ.

ಕರಿಬಸಮ್ಮ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವಳು. ಸೊಂಟನೋವಿನ ಮಾತ್ರೆ ನುಂಗದೆ ಒಲೆಯ ಮುಂದೆ ನಿಲ್ಲಲಾರಳು. ನನ್ನನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿದಳು. ಬೆಳಿಗ್ಗೆ ಒಂದು, ಸಂಜೆ ಒಂದು ನುಂಗುವುದನ್ನು ವರ್ಷವಿಡೀ ಅಲ್ಲಿಂದಲೇ ನೋಡಿದೆ.

ಒಂದು ದಿನ ಅವಳ ಕಾಲು ಬಾತುಕೊಂಡವು. ಹೊಸ ಹಾಳೆ ಬಂತು: 1.1. ಸೊಸೆ ನಾಗವೇಣಿ ಅದರ ಮೇಲೆ ಬೆರಳಾಡಿಸಿದಳು.

"ದಪ್ಪ ಅಕ್ಷರ ಒಂದೂ ಇಲ್ಲ ಅತ್ತಿ. ನಿಮ್ಗಿಂತ ನಿಮ್ ಕಿಡ್ನೀನೇ ಗಟ್ಟಿ ಐತಿ."

"ಹಂಗಾರೆ ಡಾಕ್ಟ್ರಿಗೆ ತೋರ್ಸಿ, ಇನ್ನೊಂದ್ ತಿಂಗ್ಳಿನ ಮಾತ್ರಿ ಬರಿಸ್ಕಂಡ್ ಬರ್ತೀನಿ."

ಹೊಸದು ಬಂದ ಮೇಲೆ ಹಳೆಯದು ಯಾಕೆ? ಕರಿಬಸಮ್ಮ ನನ್ನನ್ನು ಎಳೆದು, ನನ್ನಲ್ಲೇ ಒಗ್ಗರಣೆ ಮಂಡಕ್ಕಿ ಕಟ್ಟಿದಳು, ಆಸ್ಪತ್ರೆಯ ಸಾಲಿನಲ್ಲಿ ಹಸಿವಾದರೆ ಇರಲಿ ಎಂದು. ಚೀಲದೊಳಗೆ ಚಡಪಡಿಸಿದೆ. ಹೊಸ ಹಾಳೆ, ನಾನು ಇಬ್ಬರೂ ಮಿತಿಯೊಳಗೇ ಇದ್ದೆವು. ಆದರೆ ಅಂಕಿ ಎಲ್ಲಿಂದ ಎಲ್ಲಿಗೆ ಬಂತು ಎಂಬುದು ನನ್ನನ್ನು ಪಕ್ಕದಲ್ಲಿಟ್ಟರೆ ಮಾತ್ರ ಕಾಣುತ್ತಿತ್ತು. ಅವಳು ತಿಂದು ನನ್ನನ್ನು ಎಸೆದರೆ ಮುಗಿಯಿತು.

ಡಾಕ್ಟರಮ್ಮ ಹೊಸ ಹಾಳೆ ನೋಡಿ ಕೇಳಿದರು, "ಹೋದ ವರ್ಷದ್ದು ಎಲ್ಲಮ್ಮ?"

"ಅದ್ರಾಗೆ ಮಂಡಕ್ಕಿ ಕಟ್ಟೀನಿ ಮೇಡಮ್ಮೋರೆ."

ಸಾಲಿನಲ್ಲಿದ್ದವರು ನಕ್ಕರು. ಡಾಕ್ಟರಮ್ಮ ನಗದೆ ಪೊಟ್ಟಣ ಬಿಚ್ಚಿಸಿದರು. ಮಂಡಕ್ಕಿ ಕರಿಬಸಮ್ಮನ ಸೆರಗಿಗೆ ಸುರಿಯಿತು. ಎಣ್ಣೆಯ ಕಲೆಯ ನಡುವೆ ನನ್ನ 0.7 ಇನ್ನೂ ಓದಲು ಬರುತ್ತಿತ್ತು.

"ವಯಸ್ಸು ಸೇರಿಸಿ ಲೆಕ್ಕ ಹಾಕಿದ್ರೆ, ಕಿಡ್ನಿ ಸೋಸೋದು ಆಗ ತೊಂಬತ್ತೊಂಬತ್ತು ಇತ್ತು. ಈಗ ಐವತ್ತೇಳು. ಇನ್ನೊಂದ್ಸಲ ರಕ್ತ, ಮೂತ್ರ ಎರಡೂ ನೋಡಣ. ನೋವಿನ ಮಾತ್ರೆ ಇವತ್ತಿಗೇ ಬಂದ್."

"ಮಾತ್ರಿ ಬಿಟ್ರೆ ಭಟ್ಟಿ ಮುಂದೆ ನಿಲ್ಲಾಕಾಗಲ್ರೀ."

"ನುಂಗ್ತಾ ಹೋದ್ರೆ ಕಿಡ್ನಿ ಪೂರ್ತಿ ಕೆಟ್ಟು ಡಯಾಲಿಸಿಸ್‌ಗೆ ಮಲಗ್ಬೇಕಾಗುತ್ತೆ."

ಕರಿಬಸಮ್ಮ ಎಲೆಅಡಿಕೆ ಚೀಲದಿಂದ ಮಾತ್ರೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. "ನೀವೇ ಇಟ್ಕಳ್ರಿ. ನನ್ ಹತ್ರ ಇದ್ರೆ ನುಂಗಿಬಿಡ್ತೀನಿ."

ನಾನೀಗ ಅವಳ ಮನೆಯಲ್ಲೇ ಒಂದು ಫೈಲಿನೊಳಗೆ, ಹೊಸ ಹಾಳೆಯ ಬೆನ್ನಿಗೆ ಪಿನ್ನು ಹೊಡೆಸಿಕೊಂಡು ಬಿದ್ದಿದ್ದೇನೆ. 0.7 ಈಗ ಅವಳ ಅಂಕಿಯಲ್ಲ. ಒಂದು ಕಾಲಕ್ಕೆ ಇತ್ತು ಎಂದು ಹೇಳುವುದಷ್ಟೇ ನನಗುಳಿದ ಕೆಲಸ. ಕರಿಬಸಮ್ಮ ಭಟ್ಟಿಯ ಒಲೆ ಬಿಟ್ಟು, ಕೂತು ಜರಡಿ ಹಿಡಿಯುವ ಕೆಲಸ ಕೇಳಿದ್ದಾಳೆ. ಮಾಲೀಕ ನೋಡೋಣ ಎಂದಿದ್ದಾನೆ. ಗೋಡೆ ಹಿಡಿದು ಏಳುತ್ತಾಳೆ, ನರಳುತ್ತಾಳೆ, ಮಾತ್ರೆ ಕೇಳುತ್ತಿಲ್ಲ. ಮೂರನೆಯ ಹಾಳೆ ಸೋಮವಾರ ಬರುತ್ತದೆ. ಅದರಲ್ಲಿ ಏನಿರುತ್ತದೋ ನನಗೂ ಗೊತ್ತಿಲ್ಲ.